ಯಂತ್ರ ಕಂಪನಿಯದು, ಕೈ ಯಾರದು?

ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಬರ್ಗರ್ ಅಂಗಡಿಯಲ್ಲಿ ನಾನು ಕೆಲವು ವರ್ಷ ಶಿಫ್ಟಿನ ಮೇಲ್ವಿಚಾರಕಿಯಾಗಿದ್ದೆ. ಬೋರ್ಡಿನ ಮೇಲಿನ ಹೆಸರು ದೂರದ ದೊಡ್ಡ ಕಂಪನಿಯದು. ಅಂಗಡಿ ಊರಿನದೇ ಹತ್ತಿ ವ್ಯಾಪಾರದ ಮನೆತನದವರೊಬ್ಬರದು. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ನಾವು ಅಂಗಡಿಯ ಮಾಲೀಕರನ್ನು ಸಾವ್ಕಾರ್ರು ಎನ್ನುತ್ತಿದ್ದೆವು. ಗೋಡೆಗೆ ಯಾವ ಬಣ್ಣ, ಗಿರಾಕಿ ಬಂದೊಡನೆ ಯಾವ ಮಾತು, ಕೂದಲು ಎಷ್ಟು ಬಿಗಿ, ನಗು ಎಷ್ಟು ಅಗಲ, ಎಲ್ಲವನ್ನೂ ಕಂಪನಿ ಹೇಳುತ್ತಿತ್ತು. ಪಗಾರದ ಮಾತು ಬಂದರೆ ಮಾತ್ರ ಅದಕ್ಕೆ ಕಿವಿ ಕೇಳುತ್ತಿರಲಿಲ್ಲ.

ಆಲೂಗಡ್ಡೆ ಕರಿಯುವ ಯಂತ್ರದ ಮುಂದೆ ನಿಲ್ಲುತ್ತಿದ್ದವಳು ಮೆಕ್ಯಾನಿಕ್ ಒಬ್ಬರ ಮಗಳು. ಅಪ್ಪನಿಗೆ ಬೆನ್ನುನೋವು ಹೆಚ್ಚಾಗಿ ಗ್ಯಾರೇಜು ಅರ್ಧಂಬರ್ಧ ನಡೆಯುತ್ತಿತ್ತು. ಮನೆ ಇವಳ ಪಗಾರದ ಮೇಲೆಯೇ ನಿಂತಿತ್ತು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ಬೆಳಿಗ್ಗೆ ಯಂತ್ರಕ್ಕೆ ಚೆಂಡು ಹೂವಿನ ಮಾಲೆ ಹಾಕಿದವಳೂ ಅವಳೇ.

"ನಮ್ಮ ಅಬ್ಬಾನ ಗ್ಯಾರೇಜಿನ್ಯಾಗ ನಟ್ಟು ಬಿಚ್ಚೋ ಪಾನಾಕ್ಕೂ ಹೂವು ಏರಸ್ತೀವ್ರಿ ಅಕ್ಕಾರ. ಇದೇನು ಪಾಪ ಮಾಡೇತಿ?" ಎಂದಳು.

ನಾನು ವಿಭೂತಿ, ಕುಂಕುಮ ಹಚ್ಚಿದೆ. ಸಾವ್ಕಾರ್ರು ಕಾಯಿ ಒಡೆದರು. ಕಾಯಿಯ ನೀರು ಇನ್ನೂ ನೆಲದ ಮೇಲಿರುವಾಗಲೇ ಕಂಪನಿಯ ತಪಾಸಣೆ ಅಧಿಕಾರಿ ಬಂದ. ಹೇಳದೆ ಕೇಳದೆ ಬರುವುದೇ ಅವರ ಪದ್ಧತಿ. ಹೂವು ತೆಗೆಸಿದ, ಕುಂಕುಮ ಒರೆಸಲು ಹೇಳಿದ, ತಪಾಸಣೆಯಲ್ಲಿ ಅಂಗಡಿಗೆ ಕೊಡುವ ಅಂಕ ಕಳೆದ. ಒರೆಸುವಾಗ ಕರಿಯುವ ಬುಟ್ಟಿಯ ಹಿಡಿಕೆ ಅಲ್ಲಾಡಿತು. ಅವಳು ಅವನಿಗೇ ತೋರಿಸಿದಳು.

"ನೋಡ್ರಿ ಸರ್, ಸಡಲ ಆಗೇತಿ. ಅಬ್ಬಾಗ ಕೊಟ್ರ ಲಗೂನ ವೆಲ್ಡಿಂಗ್ ಮಾಡಿ ಕೊಡ್ತಾರು."

"ಹೊರಗಿನವರು ಮುಟ್ಟೋ ಹಾಗಿಲ್ಲಮ್ಮ. ಹೊಸದು ಕಂಪನಿಯಿಂದಲೇ ಬರುತ್ತೆ."

ಬರಲಿಲ್ಲ. ದೀಪಾವಳಿಯ ಗದ್ದಲದಲ್ಲಿ ಹಿಡಿಕೆ ಕಿತ್ತು ಬಂತು, ಬುಟ್ಟಿ ಎಣ್ಣೆಗೆ ಬಿತ್ತು, ಸಿಡಿದ ಎಣ್ಣೆ ಅವಳ ಬಲಗೈಯನ್ನು ಮೊಣಕೈತನಕ ಸುಟ್ಟಿತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ನೋವಿನ ಮಾತು ಆಡಲಿಲ್ಲ. "ಕೆಲಸ ಹೋಗಂಗಿಲ್ಲಲ್ರಿ ಅಕ್ಕಾರ?" ಎಂದಷ್ಟೇ ಕೇಳುತ್ತಿದ್ದಳು.

ಕಂಪನಿಗೆ ಫೋನ್ ಮಾಡಿದೆ. ಅದೇ ಅಧಿಕಾರಿ ಎತ್ತಿದ. "ನೋಡಿ ಮೇಡಂ, ಅವರು ನಮ್ಮ ಕಂಪನಿಯವರಲ್ಲ. ಓನರ್ ಹತ್ತಿರ ಮಾತಾಡಿ," ಎಂದ. ಸಾವ್ಕಾರ್ರ ಹತ್ತಿರ ಹೋದೆ. "ಯಂತ್ರಕ್ಕ ಒಂದು ಸ್ಕ್ರೂ ಬಿಗಿ ಮಾಡಾಕೂ ನನಗ ಅಧಿಕಾರ ಇಲ್ಲವ್ವಾ. ಅದರ ತಪ್ಪು ನಾ ಯಾಕ ತಲಿ ಮ್ಯಾಲ ಹಾಕ್ಕೊಳ್ಳಲಿ?" ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ, ಇಬ್ಬರಿಗೂ ಬಹಳ ಹೊಂದಾಣಿಕೆಯಿತ್ತು. ಸಾವ್ಕಾರ್ರು ಔಷಧದ ಖರ್ಚು ಕೊಟ್ಟರು, ಮನೆಯಲ್ಲಿ ಕೂತ ದಿನಗಳ ಪಗಾರ ಕೊಡಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ನಮ್ಮ ನಮ್ಮ ಮನೆಯ ಮದುವೆಗಳಿಗೆ ಬಂದು ಉಂಡು ಹೋದವರು.

ಗಾಯ ಪೂರ್ತಿ ಮಾಯುವ ಮೊದಲೇ ಅವಳು ಬ್ಯಾಂಡೇಜು ಕಟ್ಟಿಕೊಂಡು ಬಂದಳು. ಅವಳ ಮನೆಯಲ್ಲಿ ಕಾಯುವಷ್ಟು ಪುರಸೊತ್ತು ಯಾರಿಗಿತ್ತು? ಎಣ್ಣೆಯ ಹತ್ತಿರ ಬೇಡವೆಂದು ನಾನು ಅವಳನ್ನು ಕೌಂಟರಿಗೆ ನಿಲ್ಲಿಸಿದೆ. ಎಡಗೈಯಲ್ಲೇ ಆರ್ಡರು ಒತ್ತಿದಳು, ಯಾವ ಗಿರಾಕಿಯೂ ತಕರಾರು ಮಾಡಲಿಲ್ಲ. ಆ ವಾರವೇ ಅಧಿಕಾರಿ ಮತ್ತೆ ಬಂದ. ಸಾವ್ಕಾರ್ರೂ ಅಂಗಡಿಯಲ್ಲೇ ಕೂತಿದ್ದರು. ಅವನ ಕಣ್ಣು ಮೊದಲು ಹೋದದ್ದೇ ಬ್ಯಾಂಡೇಜಿನ ಮೇಲೆ.

"ಗಾಯ ಕಾಣೋ ಹಾಗೆ ಯಾರೂ ಕೌಂಟರಲ್ಲಿ ನಿಲ್ಲಬಾರದು, ಕಂಪನಿ ರೂಲು. ಇವರನ್ನ ಕಳಿಸಿಬಿಡಿ," ಎಂದು ನನಗೆ ಹೇಳಿದ.

ಫೋನಿನಲ್ಲಿ ಅವನು ಆಡಿದ ಮಾತನ್ನು ನಾನು ಅವಳಿಗೆ ಮೊದಲೇ ಹೇಳಿದ್ದೆ. ಗಿರಾಕಿಗಳ ಮುಂದೆಯೇ ಅವಳು ಕೇಳಿದಳು: "ನಾ ನಿಮ್ಮ ಕಂಪನಿಯಾಕಿ ಅಲ್ಲ ಅಂದಿದ್ರಲ್ರಿ ಸರ್. ಮತ್ತ ನನ್ನ ಕಳಸಾಕ ನೀವ್ಯಾರ್ರಿ?"

ಅಧಿಕಾರಿ ಸಾವ್ಕಾರ್ರ ಕಡೆ ನೋಡಿದ, ಅಷ್ಟೇ. ಸಾವ್ಕಾರ್ರು ಕುರ್ಚಿಯಿಂದೆದ್ದು ಬಂದರು, ಅವಳ ಕೈಯ ಕಡೆ ನೋಡದೆ ಮೆತ್ತಗೆ ಹೇಳಿದರು:

"ಖರೇ ಐತಿ ತಂಗಿ. ನೀ ಅವರ ಕಂಪನಿಯಾಕಿ ಅಲ್ಲ, ನನ್ನ ಅಂಗಡಿಯಾಕಿ. ಅದಕ್ಕ ನಾನ ಹೇಳಾಕತ್ತೇನಿ, ನಾಳಿಂದ ಬರಬ್ಯಾಡ."