ಠಾಣೆಯಲ್ಲಿ ಗಟ್ಟಿಯಾಗಿದ್ದ ಬ್ರೇಕ್

ಕೊರೊನಾ ಕಾಲ ಮುಗಿದು ಬಸ್ಸುಗಳಲ್ಲಿ ಮತ್ತೆ ಜನ ತುಂಬತೊಡಗಿದ ವರ್ಷ ನನಗೆ ಕೊಳ್ಳೇಗಾಲದ ಕಡೆಗೆ ವರ್ಗವಾಯಿತು. ಮೋಟಾರು ವಾಹನ ನಿರೀಕ್ಷಕಿಯ ಹುದ್ದೆ. ಅಷ್ಟು ಹೊತ್ತಿಗೆ ಆ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಬೆಳಿಗ್ಗೆ ಲೈಸೆನ್ಸ್ ಟೆಸ್ಟ್, ಮಧ್ಯಾಹ್ನ ಗಾಡಿ ರಸ್ತೆಗಿಳಿಯಲು ಯೋಗ್ಯವೆನ್ನುವ ಎಫ್.ಸಿ. ಪತ್ರದ ತಪಾಸಣೆ, ಇವೆರಡರ ನಡುವೆ ಯಾವುದಾದರೂ ಠಾಣೆಯಿಂದ ಫೋನ್ ಬರುತ್ತಿತ್ತು, “ಮೇಡಂ, ಒಂದು ಗಾಡಿ ನೋಡ್ಬೇಕಿತ್ತು.”

ಈ ‘ಗಾಡಿ ನೋಡುವುದು’ ಎಂದರೇನು ಎಂದು ಹೊರಗಿನವರಿಗೆ ತಿಳಿದಿರುವುದಿಲ್ಲ. ಅಪಘಾತದಲ್ಲಿ ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ, ಪೊಲೀಸರು ವಾಹನವನ್ನು ವಶಕ್ಕೆ ತೆಗೆದುಕೊಂಡು ನಮ್ಮನ್ನು ಕರೆಯುತ್ತಾರೆ. ಸ್ಟೀರಿಂಗ್, ಬ್ರೇಕ್, ಟಯರ್, ದೀಪಗಳನ್ನು ಪರೀಕ್ಷಿಸಿ, ಅಪಘಾತಕ್ಕೆ ವಾಹನದ ದೋಷ ಕಾರಣವೋ ಅಲ್ಲವೋ ಎಂದು ನಾವು ವರದಿ ಕೊಡಬೇಕು. ಬಹುಪಾಲು ವರದಿಗಳು ಒಂದೇ ವಾಕ್ಯದಲ್ಲಿ ಮುಗಿಯುತ್ತವೆ: ಯಾವುದೇ ಯಾಂತ್ರಿಕ ದೋಷ ಕಂಡುಬಂದಿಲ್ಲ. ಒಡೆದ ಗಾಜಿನ ಮೇಲೆ ಅಂಟಿದ ಕೂದಲು, ಸೀಟಿನ ಕೆಳಗೆ ಉಳಿದುಹೋದ ಒಂಟಿ ಚಪ್ಪಲಿ ಇವನ್ನೆಲ್ಲ ನೋಡಿ ನೋಡಿ ನಾನು ದಣಿದಿದ್ದೆ. ಹೂಗ್ಯಂ ಕಡೆಯ ಕಾಡಂಚಿನ ರಸ್ತೆಯಲ್ಲಿ ಹೋಗಿ ಬಂದ ಮರುದಿನ ಮಂಡಿನೋವಿಗೆ ಮಾತ್ರೆ ನುಂಗಿ ಯಳಂದೂರಿಗೆ ಹೊರಟರೆ, ಆ ಹೊತ್ತಿಗೆ ಹನೂರಿನಿಂದ ಇನ್ನೊಂದು ಕರೆ ಬರುತ್ತಿತ್ತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಯಳಂದೂರಿನಲ್ಲಿ ನೋಡಬೇಕಾಗಿದ್ದುದು ಒಂದು ಹಳೆಯ ಡೀಸೆಲ್ ಜೀಪು. ಮಾಲೀಕನ ಹೆಸರು ಮಹದೇವಸ್ವಾಮಿ, ಮುಳ್ಳೂರಿನವನು. ಹಿಪ್ಪುನೇರಳೆ ತೋಟ ಮಾಡಿ, ರೇಷ್ಮೆಗೂಡು ಬೆಳೆದು, ಅದೇ ಜೀಪಿನಲ್ಲಿ ಮಾರುಕಟ್ಟೆಗೆ ಸಾಗಿಸುವ ರೈತ. ಮೂರು ದಿನದ ಹಿಂದೆ ಹೆಂಡತಿ ಮಂಜುಳಳನ್ನೂ ಅತ್ತೆ ಚಿಕ್ಕತಾಯಮ್ಮನನ್ನೂ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದ. ಆ ಅಜ್ಜಿ ಜೀವಮಾನವೆಲ್ಲ ತನ್ನ ಹೊಲದಲ್ಲಿ ನಿಂತು ಬೆಟ್ಟವನ್ನು ನೋಡಿದ್ದರಂತೆ, ಒಮ್ಮೆಯೂ ಹತ್ತಿರಲಿಲ್ಲ. ಚೆನ್ನಾಗಿ ಕಾಣಲಿ ಎಂದು ಅಳಿಯ ಅವರನ್ನು ಮುಂದಿನ ಸೀಟಿನಲ್ಲೇ ಕೂರಿಸಿದ್ದ. ಇಳಿಯುವಾಗ ಒಂದು ತಿರುವಿನಲ್ಲಿ ಜೀಪು ನಿಲ್ಲದೆ ಬೆಟ್ಟದ ಬದಿಯ ಮಣ್ಣಿನ ದಿಬ್ಬಕ್ಕೆ ಬಡಿದು ಚರಂಡಿಗೆ ವಾಲಿಕೊಂಡಿತು. ಅಜ್ಜಿಯ ತಲೆಗೆ ಪೆಟ್ಟಾಯಿತು. ಮರುದಿನ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ದೂರು ಕೊಟ್ಟವನು ಅಜ್ಜಿಯ ಮಗ, ಮಂಜುಳಳ ತಮ್ಮ ಶಿವಣ್ಣ. ಇಳಿಯುವಾಗ ಭಾವ ಫೋನ್ ತೆಗೆದುಕೊಳ್ಳಲು ಬಗ್ಗಿದ, ರಸ್ತೆ ನೋಡಲಿಲ್ಲ ಎಂಬುದು ಅವನ ದೂರು. ಹಿಂದಿನ ಸೀಟಿನಲ್ಲಿದ್ದ ಮಂಜುಳಳಿಗೆ ಫೋನ್ ರಿಂಗಾದದ್ದು ಕೇಳಿಸಿತ್ತು, ಗಂಡ ಮುಂದಕ್ಕೆ ಬಗ್ಗಿದ್ದು ಕಂಡಿತ್ತು. ಅವನ ಕಾಲು ಏನು ಮಾಡುತ್ತಿತ್ತು ಎಂಬುದು ಕಂಡಿರಲಿಲ್ಲ.

ನಾನು ಹೋದಾಗ ಮಹದೇವಸ್ವಾಮಿ ಠಾಣೆಯ ಹಿಂದೆ ಜೀಪಿನ ಪಕ್ಕದಲ್ಲಿ ನಿಂತಿದ್ದ. ಎಡಗೈ ಜೋಲಿಯಲ್ಲಿತ್ತು. ಏನಾಯಿತು ಎಂದು ಕೇಳಿದೆ.

“ಬ್ರೇಕು ಸಿಕ್ನಿಲ್ಲ ಮೇಡಂ,” ಎಂದ. “ಬೆಣ್ಣೆ ಮ್ಯಾಲೆ ಕಾಲಿಟ್ಟಂಗೆ ಒಳಕ್ಕೆ ಓಗ್ಬುಡ್ತು. ಇನ್ನೂ ಎಲ್ಡು ಸಲ ಒತ್ತುದಿ. ಏನೂ ಇಲ್ಲ. ಬಗ್ಗಿದ್ದು ಫೋನ್‌ಗಲ್ಲ, ಹ್ಯಾಂಡ್‌ಬ್ರೇಕ್ ಎಳೆಯಕ್ಕೆ, ಅದು ಮುಂದ್ಗಡೆ ಕೆಳ್ಗದೆ.”

ಪಕ್ಕದಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ನನ್ನ ಕಡೆ ನೋಡಿ, “ಎಲ್ರೂ ಹೇಳೋದು ಅದನ್ನೇ ಮೇಡಂ. ನೀವೇ ಒತ್ತಿ ನೋಡಿ, ಕಲ್ಲಿದ್ದಂಗದೆ,” ಎಂದರು.

ಹತ್ತಿ ಕೂತು ಒತ್ತಿದೆ. ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಒತ್ತಿ ಹಿಡಿದರೂ ಕೆಳಗಿಳಿಯಲಿಲ್ಲ. ಪೈಪುಗಳಲ್ಲಿ ಎಲ್ಲೂ ಸೋರಿಕೆಯಿರಲಿಲ್ಲ. ಚಕ್ರಗಳ ಒಳಬದಿ ಒಣಗಿತ್ತು. ಆ ವಾರ ಅದು ನನ್ನ ಐದನೆಯ ಗಾಡಿ. ಬಿಸಿಲಿಗೆ ಕಬ್ಬಿಣ ಮುಟ್ಟಲಾಗುತ್ತಿರಲಿಲ್ಲ. ಬ್ರೇಕ್ ಸರಿಯಿದೆ ಎಂದು ಬರೆದು ಹೊರಟಿದ್ದರೆ ಯಾರೂ ನನ್ನನ್ನು ಪ್ರಶ್ನಿಸುತ್ತಿರಲಿಲ್ಲ.

ನನ್ನನ್ನು ತಡೆದದ್ದು ಆ ಜೀಪಿನ ಶುಚಿ. ಮುಂಭಾಗ ನಜ್ಜುಗುಜ್ಜಾಗಿದ್ದರೂ ಉಳಿದ ಮೈಯೆಲ್ಲ ಹೊಳೆಯುತ್ತಿತ್ತು. ಬಾನೆಟ್ ಕಿತ್ತು ತೆಗೆಸಿದರೆ ಎಂಜಿನ್ನೂ ಹಬ್ಬಕ್ಕೆ ತೊಳೆದ ಅಡುಗೆಮನೆಯಂತಿತ್ತು. ರೈತರ ಜೀಪುಗಳಲ್ಲಿ ಅಂಗೈಯಗಲ ಜಿಡ್ಡು ನೋಡಿ ರೂಢಿಯಾದ ನನಗೆ ಅದು ವಿಚಿತ್ರವಾಗಿ ಕಂಡಿತು.

“ಇದನ್ನ ಹೇಗೆ ತೊಳೀತೀರಿ?”

“ವಾರಕ್ಕೊಂದ್ಸಲ ತೋಟದ ಪಂಪ್‌ಸೆಟ್ ತವು ನಿಲ್ಸಿ ಪೈಪಲ್ಲಿ ನೀರೊಡಿತೀನಿ ಮೇಡಂ. ಒಳಗೂ, ವರಗೂ. ಮನೆ ಮಗ ಇದ್ದಂಗೆ ಮಡೀಕಂಡಿದ್ದಿ.”

ಪೈಪಿನಲ್ಲಿ, ಎಂಜಿನ್ನಿನೊಳಗೆ. ನಾನು ಬ್ರೇಕ್ ಆಯಿಲ್ ಡಬ್ಬಿಯ ಕಡೆ ತಿರುಗಿದೆ. ಮುಷ್ಟಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಅದು. ಮುಚ್ಚಳ ತಿರುಗಿಸಿದರೆ ಒಳಗೆ ಇರಬೇಕಾದ ರಬ್ಬರ್ ವಾಷರ್ ಇರಲಿಲ್ಲ. ಅದರ ಜಾಗದಲ್ಲಿ ಹಾಲಿನ ಪ್ಯಾಕೆಟ್ಟಿನ ತುಂಡೊಂದನ್ನು ಮಡಿಸಿ ಇಡಲಾಗಿತ್ತು. ಹೊಸ ಬ್ರೇಕ್ ಆಯಿಲ್ ತಿಳಿ ಜೇನಿನ ಬಣ್ಣಕ್ಕಿರುತ್ತದೆ. ಇದು ಕಷಾಯದಂತೆ ಕಪ್ಪಗಿತ್ತು.

“ಇದನ್ನ ಯಾವಾಗ ಬದಲಾಯಿಸಿದ್ರಿ?”

“ಬದ್ಲಾಯ್ಸದಾ? ಕಮ್ಮಿಯಾದಾಗ ಉಯ್ಯದು ಅಷ್ಟೆಯ. ಅದನ್ನ ಬದ್ಲಾಯ್ಸಬೇಕು ಅಂತ ಯಾರೂ ಏಳ್ನಿಲ್ವಲ್ಲ.”

ಎಂಜಿನ್ ಆಯಿಲ್ಲನ್ನು ಅವನು ತಪ್ಪದೆ ಬದಲಾಯಿಸುತ್ತಿದ್ದ. ಗಾಳಿ, ಗ್ರೀಸ್, ರೇಡಿಯೇಟರ್ ನೀರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಇದೊಂದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಅವನೊಬ್ಬನದೇ ಅಲ್ಲ, ಹೆಚ್ಚಿನವರ ಕಥೆ ಇದೇ.

ಇಲ್ಲಿ ಸ್ವಲ್ಪ ವಿವರಿಸಬೇಕು. ನಾವು ಪೆಡಲ್ ಒತ್ತಿದ ಬಲವನ್ನು ಚಕ್ರದವರೆಗೆ ಒಯ್ಯುವುದು ಈ ದ್ರವ. ದ್ರವವನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ; ಆದ್ದರಿಂದಲೇ ಬ್ರೇಕ್ ಹಿಡಿಯುತ್ತದೆ. ಆದರೆ ಬ್ರೇಕ್ ಆಯಿಲ್ಲಿಗೆ ನೀರು ಹೀರುವ ಗುಣವಿದೆ. ಗಾಳಿಯಲ್ಲಿನ ತೇವವನ್ನೂ ಹೀರುತ್ತದೆ, ಸಡಿಲ ಮುಚ್ಚಳದಿಂದ ಇಳಿದ ನೀರನ್ನಂತೂ ಬಿಡುವುದೇ ಇಲ್ಲ. ಹೊಸದು ಕುದಿಯಬೇಕಾದರೆ ಇನ್ನೂರು ಡಿಗ್ರಿ ದಾಟಬೇಕು. ನೀರು ಕುಡಿದದ್ದು ಅದಕ್ಕಿಂತ ಬಹಳ ಮೊದಲೇ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆ, ಗುಳ್ಳೆಯನ್ನು ಅದುಮಬಹುದು. ಆಗ ಪೆಡಲ್ ನೆಲ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ಗಾಡಿ ನಿಂತು ತಣಿದರೆ ಗುಳ್ಳೆ ಮತ್ತೆ ದ್ರವವಾಗುತ್ತದೆ, ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಠಾಣೆಯ ಹಿಂದೆ ಮೂರು ದಿನ ನಿಂತ ಜೀಪಿನ ಬ್ರೇಕ್ ಕಲ್ಲಿನಂತಿದ್ದುದರಲ್ಲಿ ಆಶ್ಚರ್ಯವಿರಲಿಲ್ಲ.

ಮುಂದಿನ ಚಕ್ರಗಳನ್ನು ಬಿಚ್ಚಿಸಿದೆ. ಬ್ರೇಕ್ ಡಿಸ್ಕುಗಳ ಮೇಲೆ ವಿಪರೀತ ಕಾದಾಗ ಬರುವ ನೀಲಿ ಛಾಯೆ ಇತ್ತು.

“ಇಳಿಯುವಾಗ ಯಾವ ಗೇರಿನಲ್ಲಿದ್ರಿ?” ಎಂದು ಕೇಳಿದೆ.

“ಮೊದ್ಲು ಸೆಕೆಂಡಲ್ಲೇ ಬತ್ತಿದ್ದಿ ಮೇಡಂ. ಗಾಡಿ ಗರ್ರ್ ಅನ್ನದು. ಅತ್ತೆ ಎದ್ರುಕಂಡ್ಬುಟ್ರು. ‘ಯಾಕಪ್ಪ ಇಂಗೆ ಅರಚ್ತದೆ, ಏನಾರ ಆದದು, ಮೆಲ್ಲಕ್ಕೆ ಬುಡಪ್ಪ’ ಅಂದ್ರು. ಅದ್ಕೇ ಟಾಪ್‌ಗಾಕಿ, ಬ್ರೇಕ್ ಮ್ಯಾಲೇ ಕಾಲಿಕ್ಕಂಡು ಬಂದಿ. ಆಮೇಲೆ ಅವ್ರು ಸಮಾಧಾನ್ವಾಗಿ ಕೂತ್ಕಂಡ್ರು.”

ಹೆಡ್ ಕಾನ್‌ಸ್ಟೇಬಲ್ ಬೇರೆ ಕಡೆ ನೋಡಿದರು. ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಸದ್ದು ಅದರದ್ದು. ಸದ್ದಿಲ್ಲದ ಇಳಿಕೆಯ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದಿತ್ತು; ಅದು ಉಜ್ಜಿ ಉಜ್ಜಿ ಕಾದು, ಒಳಗಿನ ಆಯಿಲ್ಲನ್ನೂ ಕಾಯಿಸಿತ್ತು.

ನನಗೆ ತಿಳಿದದ್ದು ನ್ಯಾಯಾಲಯಕ್ಕೆ ಸಾಲದು. ಸಬ್ ಇನ್‌ಸ್ಪೆಕ್ಟರಿಗೆ ಹೇಳಿ ಎರಡು ಬಾಟಲಿಯಲ್ಲಿ ಆಯಿಲ್ ತೆಗೆಸಿ, ಒಂದನ್ನು ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಲು ಕೊಟ್ಟೆ. ವರದಿ ಬರಲು ತಿಂಗಳುಗಳು ಹಿಡಿಯುತ್ತವೆ. ಅಷ್ಟರೊಳಗೆ ಆ ಎರಡು ಮನೆಗಳು ಏನಾಗಿಬಿಡುತ್ತವೋ ಎಂದು ನನಗೆ ಅನಿಸಿತು. ಠಾಣೆಗೆ ಬಂದು ಗೋಡೆಗೊರಗಿ ನಿಂತಿದ್ದ ಶಿವಣ್ಣ ಅಲ್ಲಿಯವರೆಗೂ ಭಾವನ ಕಡೆ ಒಮ್ಮೆಯೂ ತಿರುಗಿರಲಿಲ್ಲ.

ಮರುದಿನ ಕೊಳ್ಳೇಗಾಲದ ಒಂದು ಗ್ಯಾರೇಜಿನ ಅಂಗಳಕ್ಕೆ ಶಿವಣ್ಣನನ್ನೂ ಮಂಜುಳಳನ್ನೂ ಬರಹೇಳಿದೆ. ಸಬ್ ಇನ್‌ಸ್ಪೆಕ್ಟರೂ ಬಂದರು. ಎಲೆಕ್ಟ್ರಿಕ್ ಒಲೆಯ ಮೇಲೆ ಎರಡು ಸ್ಟೀಲ್ ಲೋಟ ಇಡಿಸಿದೆ. ಒಂದರಲ್ಲಿ ಜೀಪಿನಿಂದ ತೆಗೆದ ಆಯಿಲ್, ಇನ್ನೊಂದರಲ್ಲಿ ಆಗಷ್ಟೇ ಸೀಲ್ ಒಡೆದ ಹೊಸ ಆಯಿಲ್. ಎರಡಕ್ಕೂ ಥರ್ಮಾಮೀಟರ್. ಬೆಂಕಿ ಹತ್ತಬಲ್ಲ ದ್ರವವಾದ್ದರಿಂದ ಎಲ್ಲರನ್ನೂ ದೂರ ನಿಲ್ಲಿಸಿದೆ. ಮನೆಯಲ್ಲಿ ಯಾರೂ ಇದನ್ನು ಮಾಡಬಾರದು.

ಥರ್ಮಾಮೀಟರಿನ ಮುಳ್ಳು ನೂರಾ ಮೂವತ್ತು ದಾಟುತ್ತಿದ್ದಂತೆ ಕಪ್ಪು ಆಯಿಲ್ಲಿನ ಲೋಟದ ಅಂಚಿನಲ್ಲಿ ಗುಳ್ಳೆಗಳು ಎದ್ದವು. ಹತ್ತೇ ಡಿಗ್ರಿ ಮೇಲೇರುವಷ್ಟರಲ್ಲಿ ಲೋಟ ಬುಸುಗುಟ್ಟಿ ಕುದಿಯಿತು. ಪಕ್ಕದ ಲೋಟ ಕೆರೆಯ ನೀರಿನಂತೆ ಅಲುಗದೆ ಇತ್ತು. ಒಲೆ ಆರಿಸಲು ಹೇಳಿದೆ. ಆ ಗುಳ್ಳೆ ಪೈಪಿನೊಳಗೆ ಎದ್ದರೆ ಏನಾಗುತ್ತದೆ, ಗಾಡಿ ತಣಿದ ಮೇಲೆ ಬ್ರೇಕ್ ಯಾಕೆ ಸರಿಯಾಗಿ ಕಾಣುತ್ತದೆ ಎಂದು ಶಿವಣ್ಣನಿಗೆ ಹೇಳಿದೆ.

ಅವನು ಲೋಟದ ಕಡೆ ಬಗ್ಗಿ ನೋಡಿದ. “ಅಂದ್ರೆ ಬಾವ ಸುಳ್ಳೇಳ್ನಿಲ್ಲ.”

“ಬ್ರೇಕ್ ಹೋದದ್ದು ಸುಳ್ಳಲ್ಲ.”

“ಅಂಗಾದ್ರೆ ಅವ್ರುದು ತಪ್ಪಿಲ್ವಾ?”

“ಹಾಗಂತ ನಾನು ಬರೆಯೋಕಾಗಲ್ಲ ಶಿವಣ್ಣ. ಗಾಡಿ ಅವರದು. ನೋಡ್ಕೋಬೇಕಾದವರು ಅವರೇ.”

ಒಬ್ಬ ಮನುಷ್ಯನ ಮೇಲಿನ ಒಂದು ಆರೋಪ ಕಳೆದು, ಅದರ ಜಾಗಕ್ಕೆ ಇನ್ನೊಂದನ್ನು ನನ್ನ ಕೈಯಾರೆ ಇಡುತ್ತಿದ್ದೆ. ಅತ್ತೆಗೆ ಭಯವಾಗದಿರಲಿ ಎಂದು ಗೇರ್ ಬದಲಿಸಿದ್ದು ಯಾವ ಕಾನೂನಿನ ಕಲಮಿಗೂ ಹೊಂದುವುದಿಲ್ಲ. ಅದನ್ನೂ ವರದಿಯಲ್ಲಿ ಬರೆದೆ, ಇದ್ದದ್ದು ಇದ್ದಂತೆ.

ಎಲ್ಲರೂ ಹೊರಟ ಮೇಲೆ ಮಂಜುಳ ಹಿಂದೆ ಉಳಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: “ಅವತ್ತಿಂದ ಉಣ್ಣಕಿಕ್ತೀನಿ, ಮಾತಾಡ್ಸಿಲ್ಲ ಮೇಡಂ. ಅವ್ವನ್ನ ನೀನೇ ಕೊಂದೆ ಅಂದ್ಬುಟ್ಟಿದ್ದಿ. ಈಗ ಓಗಿ ಏನಂತ ಏಳ್ಲಿ?”

“ಬ್ರೇಕ್ ಸಿಗಲಿಲ್ಲ ಅಂದದ್ದು ಸುಳ್ಳಲ್ಲ ಅಂತ ಹೇಳಮ್ಮ. ಅಷ್ಟು ನಿಜ,” ಎಂದೆ. ಅವಳು ತಲೆಯಾಡಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಪ್ರಯೋಗಾಲಯದ ವರದಿ ನಾವು ಕಂಡದ್ದನ್ನೇ ಹೇಳಿತು. ಶಿವಣ್ಣ ಫೋನಿನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಆದರೆ ಜೀವ ಹೋದ ಪ್ರಕರಣ ಹಾಗೆ ಮುಗಿಯುವುದಿಲ್ಲ. ನಾನು ಸಾಕ್ಷಿ ಹೇಳಲು ಹೋದ ದಿನ ಮಹದೇವಸ್ವಾಮಿ ಕಟಕಟೆಯಲ್ಲಿ ನಿಂತು ನನಗೆ ಕೈಮುಗಿದ. ನನ್ನ ಮಾತಿನಿಂದ ಅವನಿಗೆ ಒಳ್ಳೆಯದಾಗುತ್ತಿತ್ತೋ ಕೆಟ್ಟದ್ದೋ ನನಗೇ ಗೊತ್ತಿರಲಿಲ್ಲ. ಕೇಸು ಇನ್ನೂ ನಡೆಯುತ್ತಿದೆ.

ಅದಾಗಿ ವರ್ಷ ಕಳೆದಿರಬೇಕು. ಕೊಳ್ಳೇಗಾಲದಲ್ಲಿ ಲೈಸೆನ್ಸ್ ಟೆಸ್ಟ್ ಮಾಡುತ್ತಿದ್ದೆ. ಬೆಳಿಗ್ಗೆಯಿಂದ ಎಂಟು ಆಕಾರದಲ್ಲಿ ಸುತ್ತುವ ಬೈಕುಗಳನ್ನು ನೋಡಿ ಕಣ್ಣು ಸೋತಿತ್ತು. ಕಾರಿನ ಸಾಲಿನಲ್ಲಿ ಮೂರನೆಯದಾಗಿ ಆ ಜೀಪು ನಿಂತಿತ್ತು. ರಿಪೇರಿಯಾಗಿತ್ತು, ಮುಂಭಾಗದ ಬಣ್ಣ ಬೇರೆಯಾಗಿತ್ತು. ಸ್ಟೀರಿಂಗ್ ಹಿಂದೆ ಮಂಜುಳ. ಕರೆದ ಕೂಡಲೇ ಅವಳು ಗಾಡಿ ಸ್ಟಾರ್ಟ್ ಮಾಡಲಿಲ್ಲ. ಇಳಿದು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದಳು. ಹತ್ತಿ ಕೂತು ಪೆಡಲನ್ನು ಒತ್ತಿ ಹಿಡಿದಳು. ಹಿಂದಿನವರು ಹಾರ್ನ್ ಹೊಡೆದರೂ ಅವಸರ ಮಾಡಲಿಲ್ಲ. ಆಮೇಲೆ ಓಡಿಸಿದಳು. ಹಿಂದಕ್ಕೆ ತೆಗೆಯುವಾಗ ಗೆರೆ ತುಳಿದಳು, ಆ ದಿನ ಫೇಲ್ ಮಾಡಿದೆ. ಮುಂದಿನ ಸಲ ಬಂದು ಸರಿಯಾಗಿ ಓಡಿಸಿ ಪಾಸಾದಳು.

“ನೀವ್ಯಾಕೆ ಕಲಿತ್ರಿ?” ಎಂದು ಪಾಸಾದ ದಿನ ಕೇಳಿದೆ.

“ಗೂಡು ಮಾರ್ಕೆಟ್ಟಿಗೆ ಓಗ್ಬೇಕಲ್ಲ ಮೇಡಂ. ಅವ್ರು ಸ್ಟೀರಿಂಗ್ ಮುಟ್ಟಲ್ಲ. ತೊಳೆಯದೂ ಈಗ ಒದ್ದೆ ಬಟ್ಟೇಲಿ ನಾನೇ ಒರೆಸ್ತೀನಿ.” ಅವಳು ದೂರದ ಬೇವಿನ ಮರದ ಕಡೆ ನೋಡಿದಳು. ಅಲ್ಲಿ ಮಹದೇವಸ್ವಾಮಿ ಬೆನ್ನು ತಿರುಗಿಸಿ ನಿಂತಿದ್ದ. “ಪಕ್ದಲ್ಲಿ ಕೂತ್ಕತರೆ. ಆದ್ರೆ ತಿರುವು ಬಂದಾಗೆಲ್ಲ ಅವ್ರ ಕಾಲು ಒತ್ತತಾನೇ ಇರ್ತದೆ. ಅಲ್ಲಿ ಬ್ರೇಕಿರಲ್ಲ.”

ಈಗ ನಾನು ಬೇರೆ ಜಿಲ್ಲೆಯಲ್ಲಿದ್ದೇನೆ. ಎಫ್.ಸಿ.ಗೆ ಹೊಳೆಯುವ ಗಾಡಿ ಬಂದರೆ ಹೊಗಳುವ ಮೊದಲು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತೇನೆ. ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬದಲಾಯಿಸಿ, ಎಂಜಿನ್ನಿಗೆ ಪೈಪಿನಲ್ಲಿ ನೀರು ಹೊಡೆಯಬೇಡಿ, ಬೆಟ್ಟ ಹತ್ತಿದ ಗೇರಿನಲ್ಲೇ ಇಳಿಯಿರಿ ಎಂದು ಮಾಲೀಕರಿಗೆ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ. ಸರ್ಕಾರ ನನಗೆ ನಿರೀಕ್ಷಕಿ ಎಂದು ಹೆಸರು ಕೊಟ್ಟಿದೆ. ಆದರೆ ಇಷ್ಟು ವರ್ಷದಲ್ಲಿ ಯಾವ ಅಪಘಾತದ ಗಾಡಿಯ ಹತ್ತಿರಕ್ಕೂ ನಾನು ಅಪಘಾತಕ್ಕೆ ಮುಂಚೆ ಹೋಗಿದ್ದಿಲ್ಲ. ದಿನವೂ ಮುಂಚೆಯೇ ನೋಡಬಲ್ಲವರು ಅದನ್ನು ಓಡಿಸುವವರು ಮಾತ್ರ.