ಲಗಮವ್ವ ಹೊತ್ತ ವಿಜ್ಞಾನದ ಪೆಟ್ಟಿಗೆ

ಹುನಗುಂದದ ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯ ಸ್ಟೋವು ಈಗಷ್ಟೇ ಬುಸುಗುಡತೊಡಗಿದೆ. ಕಂಬದ ಕೆಳಗೆ, ಹಸಿರು ಬಣ್ಣದ ಮರದ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು, ಸೆರಗನ್ನು ಸಿಂಬೆ ಸುತ್ತುತ್ತ ನಿಂತಿದ್ದಾರೆ ಲಗಮವ್ವ. ಸಂಗಮದ ಕಡೆಯ ಮೊದಲ ಬಸ್ಸು ಬಂದು ನಿಲ್ಲುತ್ತದೆ. ಕಂಡಕ್ಟರ್ ಮಲೀಕಸಾಬ ಬಾಗಿಲಿನಿಂದಲೇ ಕೂಗುತ್ತಾನೆ:

"ಲಗಮಕ್ಕಾ, ಇವತ್ತ ಎಷ್ಟ ಭಾರ ಐತಿ?"

"ಕಿಲೋದಾಗ ಹದಿನಾರು, ನ್ಯೂಟನ್ನಿನಾಗ ನೂರಾ ಅರವತ್ತು! ನಿನಗ ಯಾವುದು ಹಗರಾಗತೈತಿ, ಅದನ್ನ ಎತ್ತು!"

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಒಳಗೆತ್ತುತ್ತಾರೆ. "ನ್ಯೂಟನ್ ಲೆಕ್ಕದಾಗ ಹೇಳಿದ್ರ ಮಂದಿ ಲಗೂನ ಕೈ ಹಚ್ತಾರ್ರಿ" ಎಂದು ಪಕ್ಕದಲ್ಲಿ ಕುಳಿತವರಿಗೆ ಲಗಮವ್ವ ಗುಟ್ಟು ಹೇಳುತ್ತಾರೆ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಗೆ ಎಮ್ಮೆಯೊಂದು ಅಡ್ಡ ಬರುತ್ತದೆ. ಡ್ರೈವರ್ ಬ್ರೇಕು ಒತ್ತುತ್ತಾನೆ. ಬಸ್ಸಿನ ತುಂಬ ಇದ್ದವರೆಲ್ಲ ಒಮ್ಮೆಲೇ ಮುಂದಕ್ಕೆ ವಾಲುತ್ತಾರೆ. ಲಗಮವ್ವ ಮಾತ್ರ ಪೆಟ್ಟಿಗೆಯನ್ನು ತಬ್ಬಿಕೊಂಡು, "ಜಡತ್ವ ಬಂತ ನೋಡ್ರಿ!" ಎಂದು ನಗುತ್ತಾರೆ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಮುದುಕ ಗಡಬಡಿಸಿ ಎದ್ದು, "ಬಂತೇನಬೇ? ನಾ ಅದರ ಮುಂದಿನ ಊರಿಗೆ ಇಳಿಯಾಂವ" ಎನ್ನುತ್ತಾನೆ. ಸಂಗಮದ ತಿರುವು ಬರುವವರೆಗೂ ಬಸ್ಸಿನಲ್ಲಿ ನಗೆ ನಿಲ್ಲುವುದಿಲ್ಲ.

ಇದು ಲಗಮವ್ವನ ರೂಢಿಯ ದಾರಿ. ವಾರದಲ್ಲಿ ಮೂರು ದಿನ ಈ ಪೆಟ್ಟಿಗೆ ತಾಲ್ಲೂಕಿನ ಹಳ್ಳಿಶಾಲೆಗಳನ್ನು ಸುತ್ತುತ್ತದೆ. ಒಂದು ದಿನ ಅಮೀನಗಡದ ಕಡೆಗೆ, ಒಂದು ದಿನ ಇಳಕಲ್ಲಿನ ಕಡೆಗೆ, ಇನ್ನೊಂದು ದಿನ ಹೊಳೆದಂಡೆಯ ಊರುಗಳಿಗೆ. ಸೂಜಿಗಲ್ಲು, ಸ್ಪ್ರಿಂಗ್ ತಕ್ಕಡಿ, ಸಣ್ಣ ರಾಟೆ, ಸನ್ನೆಕೋಲು, ದಾರಕ್ಕೆ ಕಟ್ಟಿದ ಗುಂಡು, ಉಷ್ಣತಾಮಾಪಕ, ಬ್ಯಾಟರಿ, ಬಲ್ಬು. ಪಾಠದ ಪುಸ್ತಕದಲ್ಲಿ ಚಿತ್ರವಾಗಿ ಮಾತ್ರ ಕಂಡ ಈ ಸಾಮಾನುಗಳು ಮಕ್ಕಳ ಕೈಗೆ ಸಿಗುವುದು ಲಗಮವ್ವ ಬಂದ ದಿನ. ಜೊತೆಗೆ ಬರುವವರು ಹುನಗುಂದದ ಹೈಸ್ಕೂಲಿನ ವಿಜ್ಞಾನದ ಮಾಸ್ತರರಾದ ಅಂದಾನಪ್ಪನವರು. ಅವರು ನಿಯಮ ಹೇಳುತ್ತಾರೆ, ಲಗಮವ್ವ ಸಾಮಾನು ಜೋಡಿಸುತ್ತಾರೆ. ಪಾಠ ಮುಗಿದ ಮೇಲೆ ಒಂದೊಂದನ್ನೂ ಒರೆಸಿ ಒಳಗಿಡುವುದೂ ಅವರ ಕೆಲಸವೇ.

ಲಗಮವ್ವನದು ಬೀರಪ್ಪ ದೇವರ ಒಕ್ಕಲಿನ ಕುರಿಗಾರ ಮನೆತನ. ಮದುವೆಯಾಗಿ ಬಂದಾಗ ಗಂಡ ಅಮಸಿದ್ದಪ್ಪನ ಹಿಂಡು ದೊಡ್ಡದಿತ್ತು. ೧೯೭೫ರ ಮಳೆಗಾಲದಲ್ಲಿ ಕುರಿಗಳಿಗೆ ಜಡ್ಡು ಬಂತು. ನೋಡನೋಡುತ್ತ ಹಟ್ಟಿ ಖಾಲಿಯಾಯಿತು. ಅಮಸಿದ್ದಪ್ಪ ಬೇರೆಯವರ ಉಣ್ಣೆ ತಂದು ಕಂಬಳಿ ನೇಯಲು ಕುಳಿತ. ಲಗಮವ್ವ ಹೈಸ್ಕೂಲಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು.

"ಮದಲ ಮದಲ ಆ ಪ್ರಯೋಗದ ಖೋಲಿ ಕಂಡ್ರ ಅಂಜಿಕಿ ಬರ್ತಿತ್ತರಿ" ಎಂದು ನೆನೆಯುತ್ತಾರೆ. "ಗಾಜಿನ ಸಾಮಾನು, ಏನರ ಒಡದ್ರ ಏನ ಗತಿ ಅಂತ. ಒಂದಿನ ಮಾಸ್ತರ್ರು ಕರದು, ನನ್ನ ಅಂಗೈ ಮ್ಯಾಲ ಅಮೀನಗಡದ ಕರದಂಟು ಒಂದ ತುಂಡ ಇಟ್ರು. 'ಲಗಮವ್ವ, ಇದು ನೂರು ಗ್ರಾಂ ಐತಿ. ಭೂಮಿ ಇದನ್ನ ಕೆಳಗ ಜಗ್ಗಾಕತ್ತೈತಿ. ನೀ ಬೀಳಗೊಡದಂಗ ಹಿಡದೀ. ನಿನ್ನ ಕೈಗೆ ಎಷ್ಟ ಭಾರ ಹತ್ತಿತಲ್ಲ, ಹೆಚ್ಚು ಕಡಿಮಿ ಅಷ್ಟಕ್ಕ ಒಂದು ನ್ಯೂಟನ್ ಅಂತಾರ' ಅಂದ್ರು. ನಾ ಕೇಳಿದೆ, 'ಹಂಗಾರ ಇದನ್ನ ತಿನ್ನಬಹುದೇನ್ರಿ?' ಅಂತ. 'ತಿನ್ನು, ನ್ಯೂಟನ್ನಿಗೇನ ಕಮ್ಮಿಲ್ಲ' ಅಂದ್ರು."

ಅಂದಿನಿಂದ ಅಂಜಿಕೆ ಹೋಯಿತು. ಇಂದಿಗೂ ಹೊಸ ಊರಿಗೆ ಹೋದಾಗ ಮೊದಲ ಪಾಠ ಕರದಂಟಿನದೇ. ಕಿಲೋಗ್ರಾಂ ಎಂದರೆ ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎಂಬ ಲೆಕ್ಕ, ನ್ಯೂಟನ್ ಎಂದರೆ ಬಲದ ಲೆಕ್ಕ. ಈ ವ್ಯತ್ಯಾಸ ಮಕ್ಕಳ ತಲೆಗೆ ಹೋಗುವವರೆಗೂ ತುಂಡು ಕೈಯಿಂದ ಕೈಗೆ ತಿರುಗುತ್ತದೆ. ಸಂಜೆ ಮನೆಗೆ ಹೋದ ಮಕ್ಕಳು, "ಯವ್ವಾ, ನಾ ಇವತ್ತ ಅರ್ಧಾ ನ್ಯೂಟನ್ ತಿಂದೆ" ಎಂದು ಹೇಳಿ ತಾಯಂದಿರನ್ನು ಗಾಬರಿಗೊಳಿಸಿದ್ದೂ ಉಂಟು.

ಪೆಟ್ಟಿಗೆಯ ವಿಚಾರ ಹೊಳೆದದ್ದು ಅಂದಾನಪ್ಪ ಮಾಸ್ತರರಿಗೆ, ಎಪ್ಪತ್ತೊಂಬತ್ತರಲ್ಲಿ. ಹಳ್ಳಿಯಿಂದ ಹೈಸ್ಕೂಲಿಗೆ ಬರುತ್ತಿದ್ದ ಮಕ್ಕಳು ನಿಯಮಗಳನ್ನು ಗಿಳಿಯಂತೆ ಒಪ್ಪಿಸುತ್ತಿದ್ದರು, ಆದರೆ ಒಂದು ರಾಟೆಯನ್ನು ಮುಟ್ಟಿ ನೋಡಿದವರಿರಲಿಲ್ಲ. ಸಾಮಾನು ಕೊಡಲು ಹೆಡ್‌ಮಾಸ್ತರರು ಒಪ್ಪಿದರು. ಹೊತ್ತು ಹೋಗುವವರು ಯಾರು ಎಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಕಸಬರಿಗೆ ಮೂಲೆಗಿಟ್ಟು ಮುಂದೆ ಬಂದವರು ಲಗಮವ್ವ. "ಕುರಿಮರಿ ಹೊತಗೊಂಡ ಗುಡ್ಡಾ ಹತ್ತಿದಾಕಿ ನಾ. ಇದಾದ್ರ ಒದ್ಯಾಡಂಗಿಲ್ಲ, ಒದರಂಗಿಲ್ಲ. ನಾ ಒಯ್ತೇನಿ."

ಮೂರು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಎಂಬತ್ತೆರಡರಲ್ಲಿ ತಕರಾರು ಬಂತು. ಹೈಸ್ಕೂಲಿನ ಸಾಮಾನು ಊರೂರು ತಿರುಗಿದರೆ ಹಾಳಾಗುತ್ತದೆ, ಇದರಿಂದ ಉಪಯೋಗವೇನು ಎಂದು ಯಾರೋ ಮೇಲಿನವರ ಕಿವಿಗೆ ಹಾಕಿದ್ದರು. ಬಾಗಲಕೋಟೆಯ ಶಿಕ್ಷಣ ಕಚೇರಿಯಿಂದ ತಪಾಸಣೆಗೆ ರಾಚಪ್ಪ ಸಾಹೇಬರು ಬರುತ್ತಾರೆ, ಹಳ್ಳಿಯೊಂದರ ಪಾಠವನ್ನು ಕಣ್ಣಾರೆ ನೋಡಿ, ಪೆಟ್ಟಿಗೆ ತಿರುಗಬೇಕೋ ಬೇಡವೋ ಎಂದು ಅಲ್ಲೇ ಹೇಳುತ್ತಾರೆ ಎಂದು ಸುದ್ದಿ ಬಂತು. ಬೇಡವೆಂದರೆ ಪೆಟ್ಟಿಗೆ ಬೀರುವಿನೊಳಗೆ, ಲಗಮವ್ವ ಮತ್ತೆ ಕಸಬರಿಗೆಯ ಹಿಂದೆ.

ತಪಾಸಣೆಯ ದಿನವೇ ಅವಘಡವಾಯಿತು. ಬಸ್ಸಿನಲ್ಲಿ ಮದುವೆಯ ದಿಬ್ಬಣ ತುಂಬಿತ್ತು. ಒಳಗೆ ಜಾಗವಿಲ್ಲದೆ ಪೆಟ್ಟಿಗೆಯನ್ನು ಮೇಲೆ ಕಟ್ಟಿದರು. ತಗ್ಗು ಕುಣಿಗಳ ರಸ್ತೆಯಲ್ಲಿ ಹಗ್ಗ ಸವೆದು ಹರಿಯಿತು. ಧಡ್ ಎಂಬ ಸದ್ದಿಗೆ ಬಸ್ಸು ನಿಂತಾಗ, ಹಿಂದೆ ರಸ್ತೆಯ ಮೇಲೆ ಪೆಟ್ಟಿಗೆ ಬಾಯ್ತೆರೆದು ಬಿದ್ದಿತ್ತು. ಗಾಜೆಲ್ಲ ಪುಡಿಪುಡಿ. ಉಷ್ಣತಾಮಾಪಕದ ಪಾದರಸ ಮಣ್ಣಿನಲ್ಲಿ ಗುಂಡುಗುಂಡಾಗಿ ಹೊಳೆಯುತ್ತಿತ್ತು. ತಕ್ಕಡಿ ನೆಗ್ಗಿತ್ತು, ರಾಟೆ ಸೀಳಿತ್ತು. ಹಾಳಾಗದೆ ಉಳಿದದ್ದು ಸೂಜಿಗಲ್ಲು, ಗುಂಡು ಎರಡೇ.

"ನಾ ರಸ್ತೆದಾಗ ಕುಂತಬಿಟ್ಟೆರಿ" ಎನ್ನುತ್ತಾರೆ ಲಗಮವ್ವ. "ಕುರಿ ಸತ್ತಾಗೂ ಹಂಗ ಅತ್ತಿದ್ದಿಲ್ಲ. ಮಾಸ್ತರ್ರು ಬಾಜೂಕ ಬಂದು ಕುಂತ್ರು. ಏನೂ ಬೈಲಿಲ್ಲ. 'ಮ್ಯಾಲ ಇದ್ದದ್ದು ಕೆಳಗ ಬಿತ್ತು. ನಿಯಮದ ಪ್ರಕಾರನ ಐತಿ ಲಗಮವ್ವ' ಅಂದ್ರು. ಅಳೂದ್ರಾಗನ ನಗಿ ಬಂತು."

ಚೂರುಗಳನ್ನು ಬಳಿದುಕೊಂಡು ಇಬ್ಬರೂ ಪಾಠವಿದ್ದ ಊರು ತಲುಪಿದರು. ಸಾಹೇಬರು ಆಗಲೇ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ದೊಡ್ಡ ಆಳು, ತೆಳ್ಳನೆಯ ದನಿ. ಮುರಿದ ಪೆಟ್ಟಿಗೆಯನ್ನು ನೋಡಿ, "ಇದಕ್ಕಽ ಅಲ್ಲೇನ್ರಿ ತಿರಗೂದು ಬ್ಯಾಡ ಅಂದದ್ದು?" ಎಂದರು.

ಲಗಮವ್ವ ಅತ್ತಿತ್ತ ನೋಡಿದರು. ಶಾಲೆಯ ಮಗ್ಗುಲಲ್ಲಿ ಯಾರದೋ ಮನೆ ಕಟ್ಟುತ್ತಿದ್ದರು. ಅಂಗಳದಲ್ಲಿ ಬೇವಿನ ಉದ್ದನೆಯ ತೊಲೆಯೊಂದು ಬಿದ್ದಿತ್ತು. "ಮಾಸ್ತರ್ರಽ, ಇವತ್ತ ಸನ್ನಿಕೋಲಿನ ಪಾಠ ಮಾಡೂನು. ನಮ್ಮ ಸಣ್ಣ ಕೋಲು ಮುರದೈತಿ, ಖರೆ. ದೊಡ್ಡ ಕೋಲು ಅಲ್ಲಿ ಬಿದ್ದೈತಲ್ಲ!"

ಮಾಸ್ತರರ ಮುಖ ಅರಳಿತು. ಗೌಂಡಿ ಶಂಕ್ರಪ್ಪನನ್ನು ಕೇಳಿ ತೊಲೆಯನ್ನು ಶಾಲೆಯ ಬಯಲಿಗೆ ತರಿಸಿದರು. ಒಂದು ತುದಿಯಿಂದ ಎರಡು ಅಡಿ ಬಿಟ್ಟು ತೊಲೆಯ ಕೆಳಗೆ ಅಡಿಗಲ್ಲು ಇಟ್ಟರು. ಆಚೆ ಕಡೆ ಹತ್ತು ಅಡಿ ಉಳಿಯಿತು. ಆದರೆ ಕೂರಲು ಒಂದು ಭಾರ ಬೇಕಲ್ಲ? ಅಂದಾನಪ್ಪನವರು ಕೈಮುಗಿದು, "ಸಾಹೇಬ್ರಽ, ತಾವು ದಯಮಾಡಿ ಈ ತುದಿಗೆ ಕುಂದ್ರಬೇಕು" ಎಂದರು. ಹುಡುಗರೆಲ್ಲ ಉಸಿರು ಹಿಡಿದರು. ಸಾಹೇಬರು ಹುಬ್ಬು ಗಂಟಿಕ್ಕಿದರು.

"ನಾ ಎಂಬತ್ತು ಕಿಲೊ ಅದೇನಿ. ಎತ್ತವ್ರು ಯಾರು?" ಎನ್ನುತ್ತ ತುದಿಗೆ ಕುಳಿತರು.

ಶಾಲೆಯ ಬಾಗಿಲಲ್ಲಿ ಬಾರಿಹಣ್ಣು ಮಾರುತ್ತಿದ್ದ ಬೋರವ್ವನ ಕೈ ಹಿಡಿದು ಲಗಮವ್ವ ಕರೆತಂದರು. ಗಾಳಿ ಬೀಸಿದರೆ ಹಾರಿಹೋಗುವಂಥ ಮುದುಕಿ. "ಏ ಬಿಡವ್ವಾ, ಸಾಹೇಬ್ರ ಬಿದ್ದ್ರ ನನ್ನ ಜೇಲಿಗೆ ಹಾಕ್ತಾರ" ಎಂದು ಆಕೆ ಹಿಂಜರಿದರೂ ಲಗಮವ್ವ ಬಿಡಲಿಲ್ಲ. "ಆಯಿ, ಬರೇ ಕೈ ಊರು. ಉಳಿದದ್ದನ್ನ ತೊಲಿ ನೋಡ್ಕೋತೈತಿ."

ಬೋರವ್ವ ಎರಡೂ ಅಂಗೈ ಊರಿ ಮೆಲ್ಲಗೆ ಒತ್ತಿದಳು. ಸಾಹೇಬರ ಬೂಟು ನೆಲ ಬಿಟ್ಟವು. ನಾಲ್ಕು ಬೆರಳು ಮೇಲೆ, ಒಂದು ಗೇಣು ಮೇಲೆ! ಬಯಲು ಬಿರಿಯುವಂತೆ ಮಕ್ಕಳು ಕೇಕೆ ಹಾಕಿದರು. ಬೋರವ್ವ ಬೊಚ್ಚು ಬಾಯಿ ತೆರೆದು, "ಯವ್ವಾ, ಹತ್ತಿ ಅರಳೀಗತೆ ಹಗರ ಅದಾರಲ್ಲೇ ಇವರು!" ಎಂದಳು. ಗಾಳಿಯಲ್ಲಿ ತೇಲುತ್ತಿದ್ದ ರಾಚಪ್ಪ ಸಾಹೇಬರು ಮೊದಲು ತೊಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟರು.

ಅಂದಾನಪ್ಪನವರು ಸೀಮೆಸುಣ್ಣದಿಂದ ಶಾಲೆಯ ಗೋಡೆಯ ಮೇಲೇ ಬರೆದರು: ಭಾರವನ್ನು ಅಡಿಗಲ್ಲಿನಿಂದ ಅದಕ್ಕಿರುವ ದೂರದಿಂದ ಗುಣಿಸಿ, ಬಲವನ್ನು ಅದರ ದೂರದಿಂದ ಗುಣಿಸಿ, ಎರಡೂ ಸಮವಾದಾಗ ತೊಲೆ ಸಮವಾಗಿ ನಿಲ್ಲುತ್ತದೆ. ಎಂಬತ್ತು ಎರಡಲೆ ನೂರಾ ಅರವತ್ತು. ಹದಿನಾರು ಹತ್ತಲೆ ನೂರಾ ಅರವತ್ತು. "ಅಂದ್ರ ಆಯಿಗೆ ಹದಿನಾರು ಕಿಲೊ ಎತ್ತಿದಷ್ಟ ಸಾಕು. ತೊಲಿ ಉದ್ದ ಭಾಗ ಆಕಿ ಕಡೇನಽ ಐತಿ, ಅದರ ತೂಕಾನೂ ಆಕಿಗೆ ಕೈ ಜೋಡಿಸೈತಿ. ಅದಕ್ಕ ಇನ್ನೂ ಹಗರಾತು" ಎಂದು ವಿವರಿಸಿದರು. ಅಡಿಗಲ್ಲನ್ನು ಸಾಹೇಬರಿಂದ ದೂರ ಸರಿಸಿದಾಗ ಬೋರವ್ವ ಜೋತುಬಿದ್ದರೂ ತೊಲೆ ಕದಲಲಿಲ್ಲ. ಯಾಕೆಂದು ಕೇಳಿದರೆ ಇಡೀ ತರಗತಿ ಕೈ ಎತ್ತಿತು. ಆಮೇಲೆ ಒಬ್ಬೊಬ್ಬ ಹುಡುಗನಿಗೂ ಹುಡುಗಿಗೂ ಸಾಹೇಬರನ್ನು ಎತ್ತುವ ಆಸೆ. ಅವರೂ ಇಲ್ಲವೆನ್ನಲಿಲ್ಲ.

ಹೋಗುವಾಗ ಸಾಹೇಬರು ಕೋಟಿನ ಧೂಳು ಕೊಡವಿಕೊಂಡು ಲಗಮವ್ವನ ಮುಂದೆ ನಿಂತರು. "ಪೆಟ್ಟಿಗಿ ತಿರಗಲಿ, ತಂಗಿ. ಒಡದದ್ದು ಒಡೀಲಿ, ಮತ್ತ ಕೊಡಸ್ತೇನಿ. ಬೀರೂದಾಗ ಇಟ್ರ ಒಡಿಯೂದಿಲ್ಲ, ಖರೆ. ಆದ್ರ ಯಾರೂ ಕಲಿಯೂದೂ ಇಲ್ಲ."

ಮಾತಿನಂತೆ ಹೊಸ ಸಾಮಾನು ಬಂದವು. ಇಳಕಲ್ಲಿನಲ್ಲಿ ಮಗ್ಗ ಮಾಡುವ ಬಡಿಗೇರ ಈರಪ್ಪ ಗಟ್ಟಿಮುಟ್ಟಾದ ಪೆಟ್ಟಿಗೆ ಮಾಡಿಕೊಟ್ಟ. ಒಳಗೆ ಒಂದೊಂದು ಸಾಮಾನಿಗೂ ಒಂದೊಂದು ಗೂಡು, ಗೂಡಿನ ತುಂಬ ಮಗ್ಗದ ಚಿಂದಿನೂಲು. ಮಲೀಕಸಾಬನಂತೂ ಅಂದಿನಿಂದ ಪೆಟ್ಟಿಗೆಯನ್ನು ಮೇಲೆ ಏರಿಸಿಯೇ ಇಲ್ಲ. ಕಳೆದ ವರ್ಷ ಲಗಮವ್ವನ ಕೆಲಸ ಕಾಯಂ ಆಯಿತು. ಆದೇಶ ಬಂದ ದಿನ ಅಮಸಿದ್ದಪ್ಪ ಹೆಂಡತಿಗೆಂದೇ ಒಂದು ಸಣ್ಣ ಕಂಬಳಿ ನೇಯ್ದ. ಚಳಿಗಾಲದ ಬೆಳಗಿನಲ್ಲಿ ಅದು ಲಗಮವ್ವನ ಹೆಗಲಿಗಿಂತ ಪೆಟ್ಟಿಗೆಯ ಮೇಲೆ ಇರುವುದೇ ಹೆಚ್ಚು.

ಈಗ ಪೆಟ್ಟಿಗೆಗೆ ಹೊಸದಾಗಿ ಗಾಜಿನ ಪಟ್ಟಕವೊಂದು ಸೇರಿದೆ. ಮುಮ್ಮೂಲೆಯ ಆ ಗಾಜನ್ನು ಲಗಮವ್ವ ಕಿಟಕಿಯ ಬಿಸಿಲಿಗೆ ಹಿಡಿಯುತ್ತಾರೆ. ಎದುರಿನ ಸುಣ್ಣದ ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿ ಮೂಡುತ್ತದೆ. ಮಕ್ಕಳು ಎದ್ದುಹೋಗಿ ಗೋಡೆ ಸವರುತ್ತಾರೆ, ಕೈಗೆ ಬಣ್ಣ ಹತ್ತಿತೇನೋ ಎಂದು ನೋಡಿಕೊಳ್ಳುತ್ತಾರೆ. ಲಗಮವ್ವ ಪ್ರತಿಸಲವೂ ಮೊದಲ ಸಲ ಕಂಡವರಂತೆ ನಗುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ ಬಾದಾಮಿಯ ಗುಡ್ಡದಾಚೆ ಇರುವ ತಮ್ಮ ತವರಿನ ಹೆಸರು ಹೇಳುತ್ತಾರೆ. ಅಲ್ಲಿಗೆ ಬಸ್ಸಿಲ್ಲ. ನಾಲ್ಕನೇ ಇಯತ್ತೆಯವರೆಗೆ ಒಂದು ಶಾಲೆಯಿದೆ.

"ರಜಾ ಹಾಕಿಯಾದ್ರೂ ಒಂದ ಸಲ ಈ ಗಾಜು ಅಲ್ಲಿಗೆ ಒಯ್ಯಬೇಕ್ರಿ. ನಮ್ಮೂರಾಗ ಬಿಸಲಿಗೇನ ಬರಾ ಇಲ್ಲ, ಹುಟ್ಟಿದಾಗಿಂದ ನೆತ್ತಿ ಮ್ಯಾಲ ಹೊತಗೊಂಡ ತಿರಗತೇವಿ. ಅದರಾಗ ಏಳು ಬಣ್ಣ ಅದಾವಂತ ಯಾರೂ ಹೇಳಿಲ್ಲ, ಅಷ್ಟ."