ಅತ್ತೆಗೂ ಉಜ್ಜದ ಕಾರ್ಡು

ಕೊಚ್ಚಿಯ ಪಕ್ಕದ ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ, ಕೆಲಸದ ಮೇಲೆ ಬೇರೆ ಊರಿಗೆ ಹೋಗುವವರು ಮೊದಲು ತಮ್ಮ ಕೈಯಿಂದಲೇ ಖರ್ಚು ಮಾಡಬೇಕಿತ್ತು. ಆಮೇಲೆ ಟಿಕೆಟ್ಟುಗಳನ್ನು ಹಾಳೆಗೆ ಅಂಟಿಸಿ ಕೊಟ್ಟು ಕಾಯಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮ ಮೈಸೂರಿನ ಕಡೆ ಹೇಳುತ್ತಾರಲ್ಲ, ಹಾಗೆ. ನನಗೆ ಅದು ಬರೀ ಕಿರಿಕಿರಿ. ಆದರೆ ನಮ್ಮ ವಿಭಾಗದಲ್ಲಿ ಒಬ್ಬಳು ಕಿರಿಯ ಅಧ್ಯಾಪಕಿ ಇದ್ದಳು, ಮಲಯಾಳಿ ಹುಡುಗಿ. ಅವಳ ಸಂಬಳ ನೇರ ಗಂಡನ ಕೈ ಸೇರುತ್ತಿತ್ತು. ದೆಹಲಿಯ ಸಮ್ಮೇಳನಕ್ಕೆ ಅವಳ ಪ್ರಬಂಧ ಆಯ್ಕೆಯಾದಾಗ ಗಂಡ ರೈಲಿನ ಖರ್ಚು ಕೊಡಲಿಲ್ಲ. ಅವಳು ಬರೆದದ್ದನ್ನು ಅಲ್ಲಿ ಇನ್ನಾರೋ ಓದಿದರು. ಅವಳು ಅಳಲಿಲ್ಲ, ಎಂದಿನಂತೆ ಕ್ಲಾಸಿಗೆ ಹೋದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ನಮ್ಮ ಹಣಕಾಸು ಅಧಿಕಾರಿಯ ಬೆನ್ನು ಬಿದ್ದೆ. ಬೇರೆ ಕಡೆ ನೌಕರರಿಗೆ ಪ್ರಯಾಣದ ಕಾರ್ಡು ಕೊಡುತ್ತಾರಂತೆ, ನಮಗೇಕಿಲ್ಲ ಎಂದು ಸಿಕ್ಕಾಗಲೆಲ್ಲ ಕೇಳಿದೆ. ನಾನು ಹಿಡಿದರೆ ಉಡದ ಹಿಡಿತ. ಆ ಮನುಷ್ಯ ಕೊನೆಗೆ ನನ್ನ ಕಾಟ ತಾಳಲಾರದೆ ಒಂದೇ ಒಂದು ಕಾರ್ಡು ತರಿಸಿ, ಪರೀಕ್ಷೆಗೆಂದು ನನ್ನ ಹೆಸರಿಗೇ ಕೊಟ್ಟರು. ಸರಿಹೋದರೆ ಎಲ್ಲರಿಗೂ ಕೊಡುವ ಯೋಚನೆ.

"ಟೀಚರ್, ಇದರಲ್ಲಿ ಒಂದು ಸ್ವಂತ ಖರ್ಚು ಕಂಡರೂ ಕಾರ್ಡು ವಾಪಸ್ಸು. ಆಮೇಲೆ ಯಾರಿಗೂ ಇಲ್ಲ," ಎಂದು ಮಲಯಾಳದಲ್ಲಿ ಖಡಾಖಂಡಿತವಾಗಿ ಹೇಳಿದರು.

ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ನನ್ನ ಅತ್ತೆಗೆ ಇದೆಲ್ಲ ಎಲ್ಲಿ ಗೊತ್ತು! ಸೊಸೆಗೆ ಯೂನಿವರ್ಸಿಟಿಯವರು ಮರ್ಯಾದೆ ಮಾಡಿ ಕೊಟ್ಟದ್ದು ಅದು ಎಂದೇ ಅವರು ತಿಳಿದರು. ಹೊಸ ವಸ್ತು ಏನೇ ಬಂದರೂ ಮೊದಲು ದೇವರ ಮುಂದಿಡುವುದು ಅವರ ರೂಢಿ. ಕಾರ್ಡನ್ನೂ ಇಟ್ಟರು. ನಾನು ನೋಡಿ ನಕ್ಕು, ಎತ್ತಿ ಚೀಲಕ್ಕೆ ಹಾಕಿಕೊಂಡೆ.

ಮೊದಲ ಪ್ರಯಾಣ ತಿರುವನಂತಪುರಕ್ಕೆ, ಒಂದು ಸಭೆಗೆ. ದೇವರ ದರ್ಶನಕ್ಕೆ ತಾನೂ ಬರುತ್ತೇನೆಂದು ಅತ್ತೆ ಹೊರಟರು. ಅವರ ಟಿಕೆಟ್ಟು ನನ್ನ ಪರ್ಸಿನಿಂದ. ಅಲ್ಲಿ ರೈಲು ನಿಲ್ದಾಣದ ಬಳಿಯ ತಂಬಾನೂರಿನ ಲಾಡ್ಜಿನಲ್ಲಿ ಒಬ್ಬರ ಬಾಡಿಗೆಯನ್ನು ಕಾರ್ಡಿಗೆ ಹಾಕಿ, ಅತ್ತೆಯಿಂದಾಗಿ ಹೆಚ್ಚಾಗುವುದನ್ನು ಬೇರೆ ರಸೀದಿ ಮಾಡಿ, ನಗದು ಕೊಡುತ್ತೇನೆ ಎಂದೆ. ಒಂದೇ ರೂಮಿಗೆ ಎರಡು ಬಿಲ್ಲೇ ಎಂದು ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೌದಪ್ಪ, ಎರಡೇ. ಅವನು ಕಾರ್ಡು ಉಜ್ಜಿದ. ಯಂತ್ರ ಒಪ್ಪಲಿಲ್ಲ. ಮತ್ತೆ ಉಜ್ಜಿದ, ಊಹೂಂ. ಕಾರ್ಡನ್ನು ತಿರುಗಿಸಿ ನೋಡಿದರೆ ಹಿಂದಿನ ಕಪ್ಪು ಪಟ್ಟಿಯ ಮೇಲೆ ಒಣಗಿ ಅಂಟಿಕೊಂಡ ಕುಂಕುಮ! ನೆಟ್ಟಗೆ ಕಾಣುವ ಕಡೆ ಹಚ್ಚಿದರೆ ಬೆಳ್ಳಿ ಅಕ್ಷರ ಮುಚ್ಚೀತೆಂದು ಅತ್ತೆ ಜಾಣತನದಿಂದ ಬೆನ್ನಿಗೆ ಹಚ್ಚಿದ್ದರು. ಒದ್ದೆ ಕರ್ಚೀಫಿನಿಂದ ಒರೆಸಿ ಕೊಟ್ಟೆ, ಯಂತ್ರ ಕಾಗದ ಉಗುಳಿತು. ದೇವರ ಕುಂಕುಮ ಒರೆಸಿದಳಲ್ಲ ಎಂದು ಅತ್ತೆ ಮೆಟ್ಟಿಲು ಹತ್ತುವಾಗಲೂ ಗೊಣಗುತ್ತಿದ್ದರು.

ಮರುದಿನ ಸಭೆ ಮುಗಿಸಿ, ಅತ್ತೆಗೆ ದರ್ಶನ ಮಾಡಿಸಿ, ಚಾಲೆ ಬಜಾರಿನ ಸೀರೆ ಅಂಗಡಿಗೆ ಹೋದೆವು. ತನಗೆಂದು ಏನನ್ನೂ ಕೇಳದ ಹೆಂಗಸು ಅವರು. ಅಂದು ಅಗಲ ಜರಿ ಅಂಚಿನ ಕಸವು ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಂತೇಬಿಟ್ಟರು. ಚೆನ್ನಾಗಿಯೇ ಒಪ್ಪುತ್ತಿತ್ತು. ನನ್ನ ಪರ್ಸಿನಲ್ಲಿ ಅಷ್ಟು ಹಣ ಉಳಿದಿರಲಿಲ್ಲ. ನನ್ನ ಸ್ವಂತ ಬ್ಯಾಂಕಿನ ಕಾರ್ಡು ಕೊಚ್ಚಿಯಲ್ಲಿ ಗಂಡನ ಜೇಬಿನಲ್ಲಿತ್ತು.

"ಆ ಕಾರ್ಡು ಉಜ್ಜೇ. ಮನೆಗೆ ಹೋದ ತಕ್ಷಣ ನನ್ನ ಪೆನ್ಶನ್ ದುಡ್ಡಲ್ಲಿ ಕಟ್ಟಿಬಿಟ್ರಾಯ್ತು. ಯಾರಪ್ಪನ ಗಂಟು ಹೋಗತ್ತೆ?" ಎಂದರು.

ಅಂಗಡಿಯವನು ಆಗಲೇ ಕೈಚಾಚಿದ್ದ. ಅವರ ಮಾತೂ ಸುಳ್ಳಲ್ಲ, ಯಾರ ಗಂಟೂ ಹೋಗುತ್ತಿರಲಿಲ್ಲ. ಅವರು ಆಡಿದ ಮಾತಿಗೆ ತಪ್ಪುವವರೂ ಅಲ್ಲ. ಆದರೆ ಆ ಕಾರ್ಡಿನ ಲೆಕ್ಕದಲ್ಲಿ ಸೀರೆ ಅಂಗಡಿಯ ಹೆಸರು ಬಂತೆಂದರೆ ಆ ಹುಡುಗಿಗೆ ದೆಹಲಿ ಎಂದೆಂದಿಗೂ ದೂರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

"ಆಗಲ್ಲ ಅತ್ತೆ. ಇದು ನನ್ನದಲ್ಲ," ಎಂದೆ.

ಅತ್ತೆ ಸೀರೆಯನ್ನು ತಾವೇ ಮಡಿಸಿ, ಸುಕ್ಕು ಬಾರದ ಹಾಗೆ ಸವರಿ, ವಾಪಸ್ಸು ಕೊಟ್ಟರು. ಆದರೂ ಹೇಳುತ್ತೇನೆ, ಅಂಗಡಿಯ ಮೆಟ್ಟಿಲು ಇಳಿಯುವಾಗ ನನ್ನ ತಲೆ ಎತ್ತಿಯೇ ಇತ್ತು. ರೈಲಿನಲ್ಲಿ ಅವರು ಕೊಲ್ಲಂ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತರು. ನಾನು ಕೊಡಿಸಿದ ವಡೆ ಮಾತ್ರ ತಿಂದರು. ಆಗ ನಾನೇ ಆ ಹುಡುಗಿಯ ಕಥೆ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ, ವಡೆ ಕಟ್ಟಿದ್ದ ಕಾಗದವನ್ನು ಮಡಿಸುತ್ತಾ ಕುಳಿತರು. ಸಂಬಳ ಬಂದ ಮೇಲೆ ಅಂಥದೇ ಸೀರೆ ತರಿಸಿ ಕೊಟ್ಟೆ. ಇರಲಿ ಎಂದು ಬೀರುವಿನಲ್ಲಿಟ್ಟರು.

ಒಂದು ವರ್ಷ ಆ ಕಾರ್ಡು ಹಿಡಿದು ಎಷ್ಟೋ ಊರು ಸುತ್ತಿದೆ. ಹಣಕಾಸು ಅಧಿಕಾರಿ ಎಲ್ಲವನ್ನೂ ಸೋಸಿ ಸೋಸಿ ನೋಡಿದರು. ಕಲ್ಲು ಸಿಗಲಿಲ್ಲ. ನಮ್ಮ ವಿಭಾಗದ ಎಲ್ಲರಿಗೂ ಕಾರ್ಡು ಬಂತು. ಆ ಹುಡುಗಿ ಆ ವರ್ಷದ ಸಮ್ಮೇಳನಕ್ಕೆ ದೆಹಲಿಗೆ ಹೊರಡುವ ಮುನ್ನ ಹೇಳಿಹೋಗಲು ನಮ್ಮ ಮನೆಗೆ ಬಂದಳು. ಹೊಸ ಕಾರ್ಡನ್ನು ತೆಗೆದು ತೋರಿಸಿದಳು. ಇವಳೇ ಏನೇ ಆ ಹುಡುಗಿ ಎಂದು ಅತ್ತೆ ನನ್ನನ್ನು ಕೇಳಿದರು. ಹೌದೆಂದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಹಿಡಿದರು.

"ಜೋಪಾನ ಕಣಮ್ಮ. ಯಾರು ಕೇಳಿದ್ರೂ ಉಜ್ಜಬೇಡ, ನಿಮ್ಮತ್ತೆ ಕೇಳಿದ್ರೂ ಅಷ್ಟೇ. ಅಂಗಡಿ ತುಂಬ ಜನರ ಮುಂದೆ ನಾನು ಬಾಯಿಬಿಟ್ಟು ಕೇಳಿದ್ದೆ. ನನ್ನ ಸೊಸೆ ಕೊಡಲಿಲ್ಲ."

ಕನ್ನಡ ಬಾರದ ಹುಡುಗಿ ನನ್ನ ಮುಖ ನೋಡಿದಳು. ಮಲಯಾಳದಲ್ಲಿ ಹೇಳೇ, ಒಂದು ಮಾತೂ ಬಿಡದೆ ಹೇಳು ಎಂದು ಅತ್ತೆ ಅಪ್ಪಣೆ ಮಾಡಿದರು. ದೊಡ್ಡ ದೊಡ್ಡ ಸಭೆಗಳಲ್ಲಿ ಮಾತಾಡಿದವಳು ನಾನು. ಜೋಪಾನ ಎಂದದ್ದನ್ನು ಹೇಳಿದೆ, ಅಂಗಡಿಯದನ್ನೂ ಹೇಳಿದೆ. ನನ್ನ ಸೊಸೆ ಎನ್ನುವಲ್ಲಿ ಮಾತ್ರ ಮಲಯಾಳ ಮರೆತು ಕನ್ನಡದಲ್ಲೇ ಹೇಳಿಬಿಟ್ಟೆ.